ಚಹಾದ ಹೊತ್ತು, ನಿದ್ದೆಯ ಹೊತ್ತು: ವಹಿಯ ಒಂಬತ್ತನೇ ವಾರ

ಒಂಬತ್ತು ವಾರ ಮುಗಿದವು. ವಹಿಯಲ್ಲಿ ಈಗ ದಿನಕ್ಕೆ ಮೂರೇ ಕಾಲಂ: ಕಡೆಯ ಚಹಾ ಎಷ್ಟು ಗಂಟೆಗೆ, ದೀಪ ಆರಿಸಿದ್ದು ಎಷ್ಟು ಗಂಟೆಗೆ, ಆಫೀಸಿನಲ್ಲಿ ತಪ್ಪು ಎಷ್ಟು. ಶುರು ಮಾಡಿದಾಗ ಹನ್ನೊಂದು ಕಾಲಂ ಇದ್ದವು. ಉಳಿದವುಗಳಲ್ಲಿ ಕೆಲವು ಯಾಕೆ ಬಿದ್ದುಹೋದವು ಅಂತ ಬರೆದಿಡುತ್ತಿದ್ದೇನೆ.

ಹೊಸಬರಿಗೆ ಒಂದು ಮಾತು. ಮನೆ ಧಾರವಾಡದ ಸಪ್ತಾಪುರದಲ್ಲಿ, ಕೆಲಸ ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಒಂದು ಟ್ಯಾಕ್ಸ್ ಆಫೀಸಿನಲ್ಲಿ. ನಮ್ಮ ತಿಂಗಳು ಮೂರು ತಾರೀಖಿನ ಮೇಲೆ ನಿಂತಿರುತ್ತದೆ. ತಿಂಗಳಿಗೊಮ್ಮೆ ಜಿಎಸ್‌ಟಿ ಲೆಕ್ಕ ಸಲ್ಲಿಸುವ ಪಾರ್ಟಿಗಳ, ಅಂದರೆ ನಮ್ಮ ಗಿರಾಕಿಗಳ, ಮಾರಾಟದ ಲೆಕ್ಕವಾದ ಜಿಎಸ್‌ಟಿಆರ್-1 ಕ್ಕೆ 11, ಅವರು ಖರೀದಿಯಲ್ಲಿ ಆಗಲೇ ಕೊಟ್ಟ ತೆರಿಗೆಯ ಕ್ರೆಡಿಟ್ಟಿನ ಪಟ್ಟಿ 2ಬಿ ಬರುವುದು 14, ತಿಂಗಳ ತೆರಿಗೆಯ ಲೆಕ್ಕ 3ಬಿ ಕಟ್ಟುವುದು 20. ಅಂದರೆ 14ರಿಂದ 20ರ ತನಕ ಅಂಗಡಿಯವರ ಖರೀದಿ ಬಿಲ್ಲುಗಳನ್ನು 2ಬಿ ಜೊತೆ ಒಂದೊಂದಾಗಿ ತಾಳೆ ನೋಡಬೇಕು. ಸುಮಾರು ಎರಡು ತಿಂಗಳ ಹಿಂದೆ ಒಬ್ಬ ಪಾರ್ಟಿಯ ಒಂದೇ ಬಿಲ್ಲಿನ ಕ್ರೆಡಿಟ್ಟನ್ನು ಎರಡು ಸಲ ಹಿಡಿದಿದ್ದೆ. ಸಲ್ಲಿಸುವ ಮೊದಲೇ ನಮ್ಮ ಹಿರಿಯರ ಕಣ್ಣಿಗೆ ಬಿತ್ತು. ಅವರು ಏನೂ ಅನ್ನಲಿಲ್ಲ, ಆದರೆ ನನಗೆ ಬಹಳ ಕೆಟ್ಟೆನಿಸಿತು. ಆ ತಾಳೆ ಮಾಡಿದ್ದು ಸಂಜೆ ಐದರ ಮೇಲೆ, ಹಿಂದಿನ ರಾತ್ರಿ ಮಲಗಿದ್ದು ಒಂದು ಗಂಟೆಗೆ. ಮರುದಿನವೇ ವಹಿ ತಂದೆ.

ಮೊದಲು ಬಿದ್ದದ್ದು ಹೆಜ್ಜೆಯ ಕಾಲಂ. ಹತ್ತು ಸಾವಿರ ಆಗಲಿಲ್ಲ ಅಂತ ರಾತ್ರಿ ಊಟ ಆದಮೇಲೆ ಪಡಸಾಲೆಯಲ್ಲೇ ಸುತ್ತು ಹಾಕುತ್ತಿದ್ದೆ. ಆ ಅಂಕಿ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹಬ್ಬಿದ್ದು. ಮಾನ್ಪೋ-ಕೇ ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತಲೇ ಅರ್ಥ. ಅದು ಗೊತ್ತಾದ ಮೇಲೆ ಬಿಟ್ಟೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಮಾಡಬೇಕು ಅಂತ. ನನಗೆ ಅದು ಸುಲಭವಾಗಿ ಕೂಡಿಬಂತು. ಮುಂಜಾನೆ ಜುಬಿಲಿ ಸರ್ಕಲ್‌ನಲ್ಲಿ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸು ಹತ್ತಿ, ಆಫೀಸಿನ ತನಕ ಹೋಗದೆ ಉಣಕಲ್ ಕೆರೆ ನಿಲ್ದಾಣದಲ್ಲೇ ಇಳಿದು, ಬಿರುಸಾಗಿ ಅರ್ಧ ತಾಸು ನಡೆಯುತ್ತೇನೆ. ಐದು ದಿನ ನಡೆದರೆ 150 ನಿಮಿಷ. ಚಿಗರಿಗೆ ತನ್ನದೇ ದಾರಿ ಇರುವುದರಿಂದ ಇಷ್ಟು ಹೊತ್ತಿಗೆ ಮುಟ್ಟುತ್ತೇನೆ ಅನ್ನುವ ಭರವಸೆ ಇರುತ್ತದೆ. ಅದಿಲ್ಲದಿದ್ದರೆ ನಡುದಾರಿಯಲ್ಲಿ ಇಳಿಯುವ ಧೈರ್ಯ ನನಗೆ ಬರುತ್ತಿರಲಿಲ್ಲ.

ಇನ್ನು ಚಹಾ. ಮೊದಲ ವಾರದ ಎಣಿಕೆ ದಿನಕ್ಕೆ ಏಳು. ಕಪ್ಪು ಕಡಿಮೆ ಮಾಡಬೇಕು ಅಂತ ಎರಡು ವಾರ ಹೆಣಗಿದೆ. ಮುಂಜಾನೆಯ ಎರಡು ಬಿಟ್ಟೆ, ತಲೆನೋವು ಬಂತು, ರಾತ್ರಿಯ ನಿದ್ದೆ ಮಾತ್ರ ಹಾಗೇ ಕೆಟ್ಟಿತ್ತು. ನಾನು ತಪ್ಪು ಕಪ್ಪುಗಳನ್ನು ಬಿಟ್ಟಿದ್ದೆ. ನಾವು ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ರಾಸಾಯನಿಕ ಕೂಡುತ್ತ ಹೋಗುತ್ತದೆ, ನಿದ್ದೆ ಎಳೆಯುವುದರಲ್ಲಿ ಅದರ ಪಾತ್ರ ದೊಡ್ಡದು. ಚಹಾದಲ್ಲಿರುವ ಕೆಫೀನ್ ಬಂದು ಅದರ ಜಾಗದಲ್ಲಿ ತಾನು ಕೂತುಬಿಡುತ್ತದೆ. ದಣಿವು ಎಲ್ಲೂ ಹೋಗಿರುವುದಿಲ್ಲ, ನಮಗೆ ಕಾಣುವುದಿಲ್ಲ ಅಷ್ಟೇ. ಕುಡಿದ ಕೆಫೀನಿನ ಅರ್ಧದಷ್ಟು ಮೈಯಿಂದ ಇಳಿಯಲು ಸುಮಾರು ಐದು ತಾಸು ಬೇಕು, ಕೆಲವರಿಗೆ ಕಡಿಮೆ, ಕೆಲವರಿಗೆ ಇನ್ನೂ ಹೆಚ್ಚು. ಆರು ಗಂಟೆಯ ಚಹಾದ ಅರ್ಧ ಹನ್ನೊಂದಕ್ಕೂ ನನ್ನ ಜೊತೆ ಹಾಸಿಗೆಗೆ ಬರುತ್ತಿತ್ತು. ಹಾಗಾಗಿ ಕಪ್ಪಿನ ಕಾಲಂ ಹೊಡೆದುಹಾಕಿ ಗಡಿಯಾರದ ಕಾಲಂ ಇಟ್ಟೆ. ಮುಂಜಾನೆಯ ಚಹಾ ಎಂದಿನಂತೆ. ಎರಡೂವರೆಯದು ಕಡೆಯದು.

ಬೇಡ ಅನ್ನುವುದು ನಮ್ಮ ಕಡೆ ಸುಲಭದ ಮಾತಲ್ಲ. ಚಹಾ ತರುವವರು ಮೂರನೇ ದಿನ ಕೇಳಿಯೇಬಿಟ್ಟರು, “ಯಾಕ್ರೀ ಸರ, ನಮ್ಮ ಚಹಾ ಸೇರವಲ್ದೇನ್ರೀ?” ನನಗೆ ಕಸಿವಿಸಿಯಾಯಿತು. “ಚಹಾ ಛಲೋನ ಐತಿ ಅಣ್ಣಾ, ಆರಕ್ಕ ಕುಡದ್ರ ರಾತ್ರಿ ನಿದ್ದಿ ಹತ್ತವಲ್ದು” ಅಂತ ಬಿಡಿಸಿ ಹೇಳಿದೆ. ಈಗ ನನ್ನ ಗ್ಲಾಸನ್ನು ಎರಡೂವರೆಗೆ ನೆನಪಿಟ್ಟು ತರುತ್ತಾರೆ. ಸಂಜೆಗೆ ಮನೆಯಾಕೆ ದಾರಿ ತೋರಿಸಿದಳು: “ಬಿಸಿ ಏನರ ಬೇಕಂದ್ರ ಕಷಾಯ ಒಯ್ರಿ.” ಕೊತ್ತಂಬರಿ ಬೀಜ, ಜೀರಿಗೆ ಹುರಿದು ಪುಡಿ ಮಾಡಿದ ಕಷಾಯ, ಚೂರು ಬೆಲ್ಲ. ಥರ್ಮಾಸಿನಲ್ಲಿ ಸಂಜೆ ತನಕ ಬಿಸಿ ಇರುತ್ತದೆ.

ಮಧ್ಯಾಹ್ನದ ತೂಕಡಿಕೆಗೆ ಎಲ್ಲರೂ ಅನ್ನವನ್ನು ಬೈಯುತ್ತಾರೆ. ನನ್ನ ಬುತ್ತಿಯಲ್ಲಿ ಎರಡು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ಇದ್ದ ದಿನವೂ ತೂಕಡಿಕೆ ಬಂದೇ ಬರುತ್ತದೆ. ಊಟ ಭಾರವಾದರೆ ಹೆಚ್ಚುತ್ತದೆ ನಿಜ, ಆದರೆ ಆ ಹೊತ್ತಿಗೆ ಎಚ್ಚರ ಸ್ವಲ್ಪ ಇಳಿಯುವುದು ಮೈಯ ದಿನಚರಿಯಲ್ಲೇ ಇದೆ. ಅದರ ಜೊತೆ ಗುದ್ದಾಡುವುದು ಬಿಟ್ಟು ಎರಡರಿಂದ ಮೂರರ ತನಕ ಫೋನು ಮಾಡುವುದು, ಫೈಲು ಜೋಡಿಸುವುದು ಇಟ್ಟುಕೊಂಡಿದ್ದೇನೆ. ತಾಳೆ ಕೆಲಸವೆಲ್ಲ ಹತ್ತರಿಂದ ಹನ್ನೆರಡು. ಆ ಎರಡು ತಾಸು ವಾಟ್ಸಾಪ್ ತೆರೆಯುವುದಿಲ್ಲ ಅಂತ ಪಾರ್ಟಿಗಳಿಗೆ ಮೊದಲೇ ತಿಳಿಸಿದೆ. ಹಿರಿಯರಿಗೆ ಅಳುಕಿತ್ತು. ಅರ್ಜೆಂಟ್ ಇದ್ದವರು ಫೋನ್ ಮಾಡಲಿ ಅಂದಮೇಲೆ ಒಪ್ಪಿದರು. ಇಲ್ಲಿಯವರೆಗೆ ಹಾಗೆ ಬಂದ ಫೋನು ನಾಲ್ಕೇ.

25 ನಿಮಿಷ ಕೆಲಸ, ಆಮೇಲೆ ಚೂರು ಬಿಡುವು ಅಂತ ಟೈಮರ್ ಇಟ್ಟುಕೊಳ್ಳುವ ಪದ್ಧತಿ ನನಗೆ ಒಗ್ಗಲಿಲ್ಲ. ಅರ್ಧ ಪಾರ್ಟಿಯ ತಾಳೆಯಲ್ಲಿ ಗಂಟೆ ಬಾರಿಸಿದರೆ ಎಲ್ಲಿದ್ದೆ ಅನ್ನುವುದೇ ಮರೆಯುತ್ತದೆ. ಒಂದು ಪಾರ್ಟಿ ಪೂರ್ತಿ ಮುಗಿಸಿ ಏಳುವುದೇ ಸರಿ. ಬರೆಯುವ ಕೆಲಸದವರಿಗೆ ಟೈಮರ್ ಹೊಂದಬಹುದು.

ಲೆಕ್ಕ ಹೀಗಿದೆ. ಮೊದಲ ತಿಂಗಳು 14ರಿಂದ 20ರ ನಡುವೆ, ಮರುಪರಿಶೀಲನೆಯಲ್ಲಿ ಸಿಕ್ಕ ನನ್ನ ತಪ್ಪು 17. ಎರಡನೇ ತಿಂಗಳು 6. ಎರಡನೇ ತಿಂಗಳು ಎರಡು ಪಾರ್ಟಿ ಕಡಿಮೆ ಇದ್ದವು, ಹಾಗಾಗಿ ಪೂರಾ ಇಳಿಕೆ ನಿದ್ದೆಯದೇ ಅನ್ನಲಾರೆ. ಆದರೆ ಆ ಆರರಲ್ಲಿ ನಾಲ್ಕು ಬಂದದ್ದು ಗದಗದ ಮದುವೆ ಮುಗಿಸಿ ಬಂದ ಎರಡು ದಿನಗಳಲ್ಲಿ. ಅಲ್ಲಿ ಎರಡು ರಾತ್ರಿ ಒಂದರ ಮೇಲೆ ಮಲಗಿದ್ದೆ, ಹಿಂದಿರುಗಿದ ಮೇಲೆ ಆರು ಗಂಟೆಯ ಚಹಾ ಮತ್ತೆ ಹತ್ತಿಕೊಂಡಿತ್ತು. ವಹಿಯ ಆ ಪುಟ ನೋಡಿದರೆ ಮೂರೂ ಕಾಲಂ ಒಟ್ಟಿಗೇ ಕೆಟ್ಟಿವೆ.

ಮುಂದಿನ ಸುತ್ತಿಗೆ ಒಂದೇ ಬದಲಾವಣೆ: 13ನೇ ತಾರೀಖಿನ ರಾತ್ರಿ ಹತ್ತೂವರೆಗೆ ದೀಪ ಆರಿಸುವುದು, ಯಾರ ಮನೆಯಲ್ಲಿ ಏನೇ ಕಾರ್ಯಕ್ರಮ ಇದ್ದರೂ. 21ಕ್ಕೆ ಅಂಕಿ ಬರೆಯುತ್ತೇನೆ.