ಚಹಾದ ಮಾದರಿಗೆ ಎರಡು ಪರೀಕ್ಷೆ

ಗುವಾಂಗ್‌ಝೌ ನಗರದ ಫಾಂಗ್‌ಚುನ್ ಸಗಟು ಮಾರುಕಟ್ಟೆಯಲ್ಲಿ ಚಹಾ ಖರೀದಿಸುವುದು ನನ್ನ ಉದ್ಯೋಗ. ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಪಟ್ಟು ಹಿಡಿದು ಹೇಳುವುದು ಇಷ್ಟು: ಮಾರುವವರು ಬಸಿದುಕೊಟ್ಟ ಬಟ್ಟಲನ್ನು ನಂಬಿ ಬೆಲೆ ಮಾತನಾಡಬೇಡಿ. ಎಲೆಯನ್ನು ಕೇಳಿ ಪಡೆದು, ನೀವೇ ಎರಡು ಬಗೆಯಲ್ಲಿ ನೀರು ಹಾಕಿ ನೋಡಿ.

ಮೊದಲನೆಯದು ನಿರ್ದಯ ಬಗೆ. ಚೀನಾದ ರಾಷ್ಟ್ರೀಯ ಮಾನದಂಡದಂತೆ 3 ಗ್ರಾಂ ಎಲೆಗೆ 150 ಮಿಲಿಲೀಟರ್ ಕುದಿಯುವ ನೀರು. ಹಸಿರು ಚಹಾವಾದರೆ 4 ನಿಮಿಷ, ಕಪ್ಪು ಚಹಾವಾದರೆ 5. ಹಾಂಗ್‌ಝೌನ ಲಾಂಗ್‌ಜಿಂಗ್ ಎಂಬ ಹಸಿರು ಚಹಾವನ್ನು ಮನೆಯಲ್ಲಿ ಹೀಗೆ ಕುಡಿಯುವುದಿಲ್ಲ. 80 ಡಿಗ್ರಿಯ ಆಸುಪಾಸಿನ ನೀರೇ ಅದಕ್ಕೆ ಹಿತ. ಆದರೆ ಬಾಣಲೆಯಲ್ಲಿ ಹುರಿಯುವಾಗ ಅಂಚು ಸೀದಿದ್ದರೆ, ಗೋದಾಮಿನಲ್ಲಿ ತೇವ ತಾಗಿದ್ದರೆ, ಏಪ್ರಿಲ್ ಮೊದಲ ವಾರದ ಛಿಂಗ್‌ಮಿಂಗ್ ಹಬ್ಬಕ್ಕೆ ಮುಂಚಿನ ದುಬಾರಿ ಚಿಗುರಿಗೆ ಆಮೇಲಿನ ಕೊಯ್ಲನ್ನು ಬೆರೆಸಿದ್ದರೆ, ಸುಳಿವು ಸಿಗುವುದು ಕುದಿನೀರಿನಲ್ಲೇ. ನುರಿತ ವ್ಯಾಪಾರಿ ಕೆಲವೇ ಸೆಕೆಂಡುಗಳಲ್ಲಿ ಬಸಿದರೆ ಕಹಿ ಎಲೆಯಲ್ಲೇ ಉಳಿದುಬಿಡುತ್ತದೆ. ಅದನ್ನು ನಾನು ಮೋಸ ಎನ್ನುವುದಿಲ್ಲ, ಅವರ ಕೈಗುಣದ ಬಗ್ಗೆ ನನಗೆ ಗೌರವವಿದೆ. ಆದರೆ ನಮ್ಮ ಗ್ರಾಹಕರ ಮನೆಗೆ ಆ ಕೈ ಹೋಗುವುದಿಲ್ಲ.

ಬಸಿದ ಎಲೆಯನ್ನು ಬಿಳಿ ತಟ್ಟೆಯ ಮೇಲೆ ಹರಡಿ ನೋಡುವುದು ಈ ಕೆಲಸದಲ್ಲಿ ನನಗೆ ತುಂಬಾ ಪ್ರಿಯವಾದ ಭಾಗ. ಸೋಂಗ್ ರಾಜವಂಶದ ಕಾಲದಲ್ಲಿ ಅಚ್ಚೊತ್ತಿದ ಚಹಾವನ್ನು ಪುಡಿಮಾಡಿ ಬಟ್ಟಲಿನಲ್ಲಿ ಕಡೆಯುತ್ತಿದ್ದರು. 1391ರಲ್ಲಿ ಮಿಂಗ್ ಚಕ್ರವರ್ತಿ ಹೊಂಗ್‌ವು, ಅರಮನೆಗೆ ಕಪ್ಪವಾಗಿ ಅಚ್ಚಿನ ಚಹಾ ಬೇಡ, ಬಿಡಿ ಎಲೆ ಸಾಕು ಎಂದ ಮೇಲೆ ಎಲೆಯನ್ನು ಇಡಿಯಾಗಿ ನೆನೆಸಿ ಕುಡಿಯುವ ರೂಢಿ ಬೇರೂರಿತು. ಹಾಗಾಗಿಯೇ ಇಂದು ಚಿಗುರೆಷ್ಟು, ಬಲಿತ ಎಲೆಯೆಷ್ಟು, ಒಡೆದದ್ದೆಷ್ಟು ಎಂಬುದನ್ನು ನಾವು ಕಣ್ಣಿನಿಂದ ಕಾಣಬಹುದು.

ಎರಡನೆಯದು ಗೊಂಗ್‌ಫು ಬಗೆ. 100 ಮಿಲಿಲೀಟರಿನ ಗೈವಾನ್, ಅಂದರೆ ಮುಚ್ಚಳದ ಬಟ್ಟಲಿಗೆ 5ರಿಂದ 7 ಗ್ರಾಂ ಎಲೆ. ಹತ್ತಿಪ್ಪತ್ತು ಸೆಕೆಂಡು ನೆನೆಸಿ ಬಸಿಯುವುದು, ಮತ್ತೆ ನೀರು, ಮತ್ತೆ ಬಸಿಯುವುದು. ಹಸಿರು ಮತ್ತು ಕಪ್ಪು ಚಹಾಗಳ ನಡುವಿನ ಬಗೆಯಾದ ಊಲಾಂಗ್‌ಗಳಿಗೆ ಇದಿಲ್ಲದೆ ನ್ಯಾಯ ಸಿಗುವುದಿಲ್ಲ. ಚಾವ್‌ಝೌ ಬಳಿಯ ಫೆಂಗ್‌ಹುವಾಂಗ್ ಬೆಟ್ಟದ ದಾನ್‌ಚೊಂಗ್ ಎಂಬ ಊಲಾಂಗ್ 5 ನಿಮಿಷ ನೆನೆದರೆ ಬಾಯೆಲ್ಲ ಒಗರು. ಬೇಗ ಬಸಿದರೆ ಹೂವಿನ ಪರಿಮಳ ಒಂದೊಂದು ನೀರಿಗೂ ಬೇರೆಯಾಗುತ್ತಾ ಹೋಗುತ್ತದೆ. ವೂಯಿ ಬೆಟ್ಟದ ಬಂಡೆಗಳ ನಡುವೆ ಬೆಳೆಯುವ ಊಲಾಂಗ್ ಆದ ಬಂಡೆ ಚಹಾ ಆರನೆಯ ನೀರಿನಲ್ಲೂ ಗಂಟಲಲ್ಲಿ ನಿಂತರೆ ನಾನು ಹೆಚ್ಚು ಬೆಲೆ ಕೊಡಲು ಹಿಂಜರಿಯುವುದಿಲ್ಲ. ಹಾಲು ಸಕ್ಕರೆಗೆಂದೇ ತಯಾರಾಗುವ ನಮ್ಮ ಸಿಟಿಸಿ, ಅಂದರೆ ಎಲೆಯನ್ನು ಯಂತ್ರದಲ್ಲಿ ಜಜ್ಜಿ ಹರಿದು ಕಾಳಾಗಿಸಿದ ಪುಡಿಯ ರುಚಿಗೆ ಒಗ್ಗಿದ ನಾಲಿಗೆಗೆ ಇದೆಲ್ಲ ಮೊದಮೊದಲು ನೀರಿನಂತೆಯೇ ಅನಿಸುತ್ತದೆ. ತಾಳ್ಮೆ ಬೇಕು.

ಯುನ್ನಾನ್ ಪ್ರಾಂತ್ಯದ ಪುಅರ್, ಅಂದರೆ ಹುದುಗಿ ಮಾಗುವ ಚಹಾಕ್ಕೆ ಇನ್ನೊಂದು ಎಚ್ಚರಿಕೆ. ಒತ್ತಿದ ಬಿಲ್ಲೆ ಸಾಮಾನ್ಯವಾಗಿ 357 ಗ್ರಾಂ, ಏಳು ಬಿಲ್ಲೆಗಳದ್ದು ಒಂದು ಕಟ್ಟು. ಮೇಲ್ಮೈಗೆ ಚೆಂದದ ಚಿಗುರು ಉದುರಿಸಿ ಒಳಗೆ ಒರಟು ಎಲೆ ತುಂಬಿರುವುದುಂಟು. ಆದ್ದರಿಂದ ಮಾದರಿಯನ್ನು ನಡುವಿನಿಂದಲೂ ಕೀಳಬೇಕು. ವ್ಯಾಪಾರಿ ಮುಖ ಸಿಂಡರಿಸಿದರೂ ಸರಿ. ರಾಶಿ ಹಾಕಿ ನೀರು ಚಿಮುಕಿಸಿ ಹುದುಗಿಸುವ 'ಶೌ' ಪುಅರ್ 1970ರ ದಶಕದ್ದು. ತಾನಾಗಿಯೇ ವರ್ಷಗಟ್ಟಲೆ ಮಾಗುವ 'ಶೆಂಗ್' ಬೇರೆ. ಗುವಾಂಗ್‌ಡಾಂಗಿನ ತೇವದ ಗಾಳಿಯಲ್ಲಿಟ್ಟ ಬಿಲ್ಲೆ ಯುನ್ನಾನಿನ ಕುನ್‌ಮಿಂಗ್‌ನ ಒಣ ಗಾಳಿಯಲ್ಲಿಟ್ಟದ್ದಕ್ಕಿಂತ ಬೇಗ ಮಾಗುತ್ತದೆ, ಮುಗ್ಗುವ ಅಪಾಯವೂ ಹೆಚ್ಚು. ಎಲ್ಲಿಟ್ಟಿದ್ದರು ಎಂದು ಕೇಳದೆ ವಯಸ್ಸನ್ನು ಮಾತ್ರ ಕೇಳಿ ಬಂದವರನ್ನು ನಾನು ವಾಪಸ್ ಕಳಿಸುತ್ತೇನೆ.

ನಿರ್ದಯ ಪರೀಕ್ಷೆಯಲ್ಲಿ ಗೆದ್ದು ಗೈವಾನಿನಲ್ಲಿ ಸಪ್ಪೆಯಾದ ಚಹಾವನ್ನು ಹೋಟೆಲುಗಳಿಗೆ ಕೊಳ್ಳುತ್ತೇವೆ. ಗೈವಾನಿನಲ್ಲಿ ಮೋಹಕವಾಗಿದ್ದು ನಿರ್ದಯ ಪರೀಕ್ಷೆಯ ಕುದಿನೀರಿನಲ್ಲಿ ಮುಗ್ಗು ನಾರಿದ್ದನ್ನು ಯಾವ ಬೆಲೆಗೂ ಕೊಳ್ಳುವುದಿಲ್ಲ. ಒಪ್ಪಿದ ಮಾದರಿಯ ಅರ್ಧವನ್ನು ದಿನಾಂಕ ಬರೆದು ಎತ್ತಿಡುತ್ತೇವೆ. ಸರಕು ಬಂದ ದಿನ ಎರಡನ್ನೂ ಅಕ್ಕಪಕ್ಕ ಇಟ್ಟು ಮತ್ತೆ ಕುದಿನೀರು ಎರೆಯುತ್ತೇವೆ.