ಲಿಂಗನಮಕ್ಕಿ ಎಷ್ಟಾಯ್ತು?

ಜುಲೈ ತಿಂಗಳ ಮಲೆನಾಡು. ಹಂಚಿನಿಂದ ನೀರು, ಅಂಗಳದಲ್ಲಿ ನೀರು, ಬಚ್ಚಲಿಗೆ ಒಟ್ಟಿದ ಕಟ್ಟಿಗೆಯಲ್ಲೂ ನೀರು. ಆ ನೀರಿನ ನಡುವೆ ನಾನು ಬಾಯಾರಿ ಕೂತಿದ್ದೆ. ಕಾಫಿ, ಸಾರು, ಮಾತ್ರೆ ನುಂಗುವ ಗುಟುಕು ಎಲ್ಲ ಸೇರಿ ದಿನಕ್ಕೆ ಒಂದು ಲೀಟರಿನೊಳಗೆ ಮುಗಿಯಬೇಕು. ಹೆಂಡತಿ ಬೆಳಿಗ್ಗೆಯೇ ಬಾಟಲಿಗೆ ಅಳೆದು ತುಂಬಿಡುತ್ತಿದ್ದಳು. ಪೊಟ್ಯಾಸಿಯಂ ಎಂದು ಎಳನೀರು, ಬಾಳೆಹಣ್ಣು ಬಿಟ್ಟಾಗಿತ್ತು. ಉಪ್ಪೆಂದು ಅಪ್ಪೆಮಿಡಿಯೂ ಹೋಗಿತ್ತು. ಬಿಪಿ ವರ್ಷಗಟ್ಟಲೆ ಸದ್ದಿಲ್ಲದೆ ಎರಡೂ ಕಿಡ್ನಿಗಳನ್ನು ತಿಂದುಹಾಕಿತ್ತು. ನಲವತ್ತಾರನೇ ವಯಸ್ಸಿಗೆ ಸೋಮವಾರ, ಬುಧವಾರ, ಶುಕ್ರವಾರ ಶಿವಮೊಗ್ಗದಲ್ಲಿ ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್.

ಎಂಟು ತಿಂಗಳು ಹೀಗೆ ಕಳೆದಿತ್ತು. ಕಿಡ್ನಿ ಕಸಿಗಾಗಿ ರಾಜ್ಯದ ಅಂಗದಾನ ಸಂಸ್ಥೆ ‘ಜೀವಸಾರ್ಥಕತೆ’ಯಲ್ಲಿ ಹೆಸರು ಬರೆಸಿದ್ದೆ, ಕರೆ ಯಾವಾಗ ಬರುತ್ತದೆಂದು ಯಾರೂ ಹೇಳುವಂತಿರಲಿಲ್ಲ. ಮಗಳ ಕಾಲೇಜಿಗೆಂದು ಕೂಡಿಟ್ಟದ್ದು ಬಸ್ಸಿಗೂ ಇಂಜೆಕ್ಷನ್ನಿಗೂ ಕರಗುತ್ತಿತ್ತು. ನಾನಿಲ್ಲದಿದ್ದರೆ ಇವರಿಗೆ ಹಗುರವಾಗುತ್ತದೆ ಎಂಬ ಯೋಚನೆ ಒಂದು ರಾತ್ರಿ ಬಂತು, ಬಂದದ್ದು ಹೋಗಲಿಲ್ಲ. ಅಳು ಬಂದಿದ್ದರೆ ಮನೆಯವರಿಗಾದರೂ ಗೊತ್ತಾಗುತ್ತಿತ್ತು. ಇದು ಮಗ್ಗಿಯ ಲೆಕ್ಕದ ಹಾಗೆ ತಣ್ಣಗೆ ಕೂತಿತ್ತು. ತನ್ನ ಲೆಕ್ಕ ಸರಿಯಿದೆ ಎಂದುಕೊಂಡವನು ಇನ್ನೊಬ್ಬರನ್ನು ಕೇಳಲು ಹೋಗುವುದಿಲ್ಲ.

ಆ ಬುಧವಾರ ಆನಂದಪುರದಲ್ಲಿ ಬೆಳಗಿನ ಬಸ್ಸು ಹತ್ತಿದವನು ಆಯನೂರಿನಲ್ಲಿ ಇಳಿದುಬಿಟ್ಟೆ. ಇನ್ನು ಸಾಕು, ವಾಪಸು ಹೋಗೋಣ ಎಂಬುದಷ್ಟೇ ಮನಸ್ಸಿನಲ್ಲಿ. ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ಫೋನು ರಿಂಗಾಯಿತು.

“ಎಲ್ಲಿದ್ದೀಯ ಮಾರಾಯಾ? ಪೇಪರ್ ತಗೊಂಡು ಕೂತಿದೀನಿ. ಓದೋರಿಲ್ಲ.”

ಪಕ್ಕದ ಬೆಡ್ಡಿನ ಅಜ್ಜ. ಸಕ್ಕರೆ ಕಾಯಿಲೆ ಅವರ ಕಿಡ್ನಿಯ ಜೊತೆ ಕಣ್ಣನ್ನೂ ಮಂಜಾಗಿಸಿತ್ತು. ಆರು ವರ್ಷದಿಂದ ಡಯಾಲಿಸಿಸ್. ನಾನು ಹೋದ ಮೊದಲ ಮಳೆಗಾಲದ ದಿನವೇ ಪೇಪರ್ ಚಾಚಿ “ಲಿಂಗನಮಕ್ಕಿ ಎಷ್ಟಾಯ್ತು ನೋಡು” ಅಂದಿದ್ದರು. ಶರಾವತಿ ಮುಳುಗಡೆಯವರು. 1964ರಲ್ಲಿ ಆ ಅಣೆಕಟ್ಟು ಮುಗಿಯುವ ಹೊತ್ತಿಗೆ ಪಾತ್ರೆಪಗಡೆ ಲಾರಿಗೆ ಹೇರಿ ಊರು ಬಿಟ್ಟ ಮನೆಯ ಹುಡುಗ. ಅರವತ್ತು ವರ್ಷವಾದರೂ ಪ್ರತಿ ಮಳೆಗಾಲ ಅವರಿಗೆ ನೀರಿನ ಮಟ್ಟ ಗೊತ್ತಾಗಲೇಬೇಕು. ತುಂಬಿದರೆ 1819 ಅಡಿ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಅದರಲ್ಲಿ ಮುಳುಗಿದ ಹಳೆಯ ಮಡೆನೂರು ಅಣೆಕಟ್ಟು ಮೇಲೆ ಕಾಣುತ್ತದಲ್ಲ, ಅದನ್ನು ನೋಡಲು ಕಣ್ಣು ಚೆನ್ನಾಗಿದ್ದಾಗ ಹೋಗುತ್ತಿದ್ದರಂತೆ. ಮನೆ ಮುಳುಗಿಸಿದ ನೀರು ತುಂಬಲಿ ಅಂತ ಯಾಕೆ ಕಾಯ್ತೀರಿ ಎಂದು ಕೇಳಿದ್ದೆ. “ಮನೆಯಂತೂ ಹೋಯ್ತು. ನೀರು ನಮ್ಮದೇ ಅಲ್ವಾ?” ಅಂದಿದ್ದರು.

“ನಾನಿವತ್ತು ಬರ್ತಿಲ್ಲ ಅಜ್ಜ” ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಯಾಕೆಂದು ಅವರು ಕೇಳಲಿಲ್ಲ. ನನ್ನ ದನಿಯಲ್ಲೇ ತಿಳಿದಿರಬೇಕು.

“ಕೈ ಮುಟ್ಟಿ ನೋಡ್ಕೋ. ಗುಂಯ್ ಅಂತಿದೆಯಾ?”

ನನ್ನ ಎಡ ಮಣಿಕಟ್ಟಿನ ಮೇಲೆ ಫಿಸ್ಟುಲಾ ಇದೆ. ಅಪಧಮನಿಗೆ ಅಭಿಧಮನಿಯನ್ನು ಹೊಲಿದು ಕೂಡಿಸಿದ ಜಾಗ. ಅಲ್ಲಿ ರಕ್ತ ರಭಸದಿಂದ ನುಗ್ಗುವುದರಿಂದ ಚರ್ಮದಡಿ ಸದಾ ಒಂದು ನಡುಕ. ಅದು ನಿಂತರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು; ಹಾಗಾಗಿ ದಿನಾ ಮುಟ್ಟಿ ನೋಡಿಕೊಳ್ಳಲು ಕಲಿಸುತ್ತಾರೆ. ಎರಡು ದಿನದಿಂದ ನಾನು ಮುಟ್ಟಿರಲಿಲ್ಲ. ಒದ್ದೆ ಬೆರಳಿಟ್ಟೆ. ಜೇನುಗೂಡಿನ ಹಾಗೆ ಗುಂಯ್‌ಗುಡುತ್ತಿತ್ತು. ನನ್ನ ತೀರ್ಮಾನದ ಸುದ್ದಿಯೇ ಅದಕ್ಕೆ ತಲುಪಿರಲಿಲ್ಲ.

“ಇದೆ.”

“ಹಂಗಾದ್ರೆ ಬಾ.”

ಮುಂದಿನ ಬಸ್ಸಿಗೆ ಹೋದೆ. ಮೈಯಲ್ಲಿ ನೀರು ನಿಂತು ತೂಕ ಮೂರು ಕಿಲೋ ಏರಿತ್ತು. ತಡವಾಯಿತೆಂದು ಸಿಸ್ಟರ್ ಬೈಯಲಿಲ್ಲ. ಅವರು ಸೂಜಿ ಚುಚ್ಚಿ ಟೇಪು ಅಂಟಿಸುವಾಗ, ಆಯನೂರಿನಲ್ಲಿ ಇಳಿದದ್ದು ಯಾಕೆಂದು ಬಾಯಿಬಿಟ್ಟು ಹೇಳಿದೆ. ಜೋರಾಗಿ ಹೇಳಿದ್ದು ಅದೇ ಮೊದಲು. ಅವರು ಸ್ಟೂಲು ಎಳೆದು ಕೂತು ಪೂರ್ತಿ ಕೇಳಿದರು, ಡಾಕ್ಟರನ್ನು ಕರೆಸಿದರು, ಚೀಟಿಯ ಮೇಲೆ 14416 ಎಂದು ಬರೆದು ಕೊಟ್ಟರು. ಟೆಲಿ ಮಾನಸ್ ನಂಬರು, ಮನಸ್ಸು ಕುಸಿದವರಿಗೆ ಸರ್ಕಾರ ನಡೆಸುವ ಸಹಾಯವಾಣಿ. “ರಾತ್ರಿ ಎಷ್ಟೊತ್ತಿಗಾದರೂ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.” ಆ ರಾತ್ರಿ ಮಾಡಿದೆ. ಹೆಂಡತಿ ನನ್ನ ಕೈ ಹಿಡಿದು ಪಕ್ಕದಲ್ಲೇ ಕೂತಿದ್ದಳು. ಹಗುರವಾಗುತ್ತದೆಂದು ನಾನು ಹಾಕಿದ್ದ ಲೆಕ್ಕ ಕೇಳಿ ಅವಳು ಅತ್ತ ರೀತಿ ಬರೆಯಲಾರೆ.

ಆ ಬುಧವಾರ ಸೂಜಿ ಚುಚ್ಚಿದ ಮೇಲೆ ಯಂತ್ರ ಸುತ್ತತೊಡಗಿತು. ಒಂದು ಲೀಟರ್ ಕುಡಿಯಲು ಹೆದರುವ ನನ್ನ ರಕ್ತ ತೊಳೆಯಲು ಒಂದೊಂದು ಸಲಕ್ಕೂ ಸುಮಾರು 120 ಲೀಟರ್ ಶುದ್ಧ ನೀರು ಬೇಕು. ಈ ಯಂತ್ರದ ಬಗ್ಗೆ ಓದಿದ್ದನ್ನು ಅಜ್ಜನಿಗೆ ಹೇಳಿದೆ. 1943ರಲ್ಲಿ, ಜರ್ಮನ್ನರ ವಶದಲ್ಲಿದ್ದ ನೆದರ್ಲೆಂಡ್ಸಿನಲ್ಲಿ, ವಿಲ್ಲೆಮ್ ಕೋಲ್ಫ್ ಎಂಬ ಡಾಕ್ಟರು ಮರದ ಪಟ್ಟಿಗಳ ಪೀಪಾಯಿಗೆ ಮಾಂಸದ ಸಾಸೇಜಿಗೆ ಬಳಸುವ ಸೆಲೋಫೇನ್ ಕೊಳವೆ ಸುತ್ತಿ ಮಾಡಿದ್ದು. ಮೊದಮೊದಲು ಬಂದ ರೋಗಿಗಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಆತ ನಿಲ್ಲಿಸಲಿಲ್ಲ. 1945ರಲ್ಲಿ ಪ್ರಜ್ಞೆ ತಪ್ಪಿದ್ದ 67 ವರ್ಷದ ಹೆಂಗಸೊಬ್ಬಳು ಕಣ್ಣು ಬಿಟ್ಟಳು, ಇನ್ನೂ ಏಳು ವರ್ಷ ಬಾಳಿದಳು.

“ಏಳು ವರ್ಷವಾ?” ಅಜ್ಜ ತಲೆ ಎತ್ತಿದರು. “ನಂದು ಆರಾಯ್ತು. ಆ ಪುಣ್ಯಾತ್ಗಿತ್ತಿಗಿಂತ ಒಂದು ವರ್ಷ ಜಾಸ್ತಿನೇ ಇರಬೇಕು ನಾನು.”

ಆಮೇಲೆ ಸೂಜಿಯಿಲ್ಲದ ಕೈಯಿಂದ ಪೇಪರ್ ದಾಟಿಸಿದರು. ನಾನೂ ಒಂದೇ ಕೈಯಲ್ಲಿ ಮಡಚಿ ಹಿಡಿದೆ.

“ಲಿಂಗನಮಕ್ಕಿ ಎಷ್ಟಾಯ್ತು?”

“ನಿನ್ನೆಗಿಂತ ಎರಡಡಿ ಮೇಲೆ.”

“ತುಂಬೋಕೆ?”

“ಇನ್ನೂ ಇಪ್ಪತ್ತಡಿ ಬೇಕು.”

“ಶುಕ್ರವಾರ ನೋಡಿ ಹೇಳು” ಎಂದು ಅವರು ಕಂಬಳಿ ಎಳೆದುಕೊಂಡು ಕಣ್ಣು ಮುಚ್ಚಿದರು.