‘ಒಪ್ಪಿದೆ’ ಎಂದು ಬರೆದ ದಿನ

ವಾರ್ಡಿನ ಪುಸ್ತಕದಲ್ಲಿ ನಾನು ಬರೆದ ಒಂದು ಪದ ಇಂದಿಗೂ ಮನಸ್ಸನ್ನು ಚುಚ್ಚುತ್ತದೆ: ‘ಒಪ್ಪಿದೆ’.

ಮಳೆಗಾಲದಲ್ಲಿ ಫ್ಲೂ ಜ್ವರ ಜೋರಾಗಿತ್ತು. ಇಪ್ಪತ್ತು ಮಂಚಗಳ ಹೆಂಗಸರ ವಾರ್ಡಿಗೆ ಇನ್ನೂ ಎಂಟು ಹಾಕಬೇಕಾಗಿ ಬಂತು. “ಸಿಸ್ಟರ್, ಹೇಗಾದರೂ ಹೊಂದಿಸಿಕೊಳ್ಳಿ” ಎಂದರು ಮೇಲಿನವರು. ಪುಸ್ತಕದಲ್ಲಿ ‘ಒಪ್ಪಿದೆ’ ಎಂದು ಬರೆದು ಹಾಕಿಸಿದೆ. ಡ್ರಿಪ್ ಸ್ಟ್ಯಾಂಡ್ ನಿಲ್ಲಿಸಲು ಜಾಗವಿಲ್ಲದೆ ಬಾಟಲಿಗಳನ್ನು ಕಿಟಕಿಯ ಸರಳಿಗೆ ಕಟ್ಟಿದೆವು. ಮಂಚಗಳ ಸಂದಿಯಲ್ಲಿ ಅಡ್ಡಡ್ಡವಾಗಿ ನುಸುಳಿಯೇ ಸೂಜಿ ಚುಚ್ಚಬೇಕಿತ್ತು. ಸಕ್ಕರೆ ಕಾಯಿಲೆಯಿಂದಾದ ಕಾಲಿನ ಹುಣ್ಣಿಗೆಂದು ಬಂದಿದ್ದ ಅಜ್ಜಿಯೊಬ್ಬರಿಗೆ ನಾಲ್ಕನೆಯ ದಿನ ಜ್ವರ ಏರಿತು, ಆರನೆಯ ದಿನ ಐಸಿಯು ಸೇರಿದರು. ಬದುಕಿದರು. ಆದರೆ ಪಕ್ಕದ ಮಂಚದ ಕೆಮ್ಮನ್ನು ಅವರ ದಿಂಬಿನವರೆಗೆ ತಂದಿಟ್ಟವಳು ನಾನೇ.

ಆಮೇಲೆ ಹೊಸಬರಿಗೆ ಪಾಠ ಸಿದ್ಧಪಡಿಸುವಾಗ 1918ರ ಫ್ಲೂ ಮಹಾಮಾರಿಯ ಕಾಲದ ಕ್ಯಾಂಪ್ ಗ್ರಾಂಟ್ ಬಗ್ಗೆ ಓದಿದೆ. ಅದು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ರಾಕ್‌ಫರ್ಡ್ ನಗರದ ಪಕ್ಕದಲ್ಲಿದ್ದ ಸೇನಾ ಶಿಬಿರ. ಅಲ್ಲಿನ ವೈದ್ಯ ಜೋಸೆಫ್ ಕ್ಯಾಪ್ಸ್ ರೋಗಿಗಳಿಗೇ ಮುಖಗವಸು ತೊಡಿಸಿ ಸೋಂಕು ತಡೆಯುವ ಬಗೆಯನ್ನು ಆಗಸ್ಟ್‌ನಲ್ಲೇ ಪ್ರಕಟಿಸಿದ್ದರು. ತಿಳಿವಳಿಕೆ ಶಿಬಿರದೊಳಗೇ ಇತ್ತು! ಆದರೂ ಸೆಪ್ಟೆಂಬರ್ 20ರಂದು ಕರ್ನಲ್ ಚಾರ್ಲ್ಸ್ ಹ್ಯಾಗಡಾರ್ನ್, ಡೇರೆಗಳಲ್ಲಿದ್ದ ಸೈನಿಕರನ್ನು ಈಗಾಗಲೇ ತುಂಬಿದ್ದ ಬ್ಯಾರಕ್‌ಗಳಿಗೆ ಸೇರಿಸಲು ಆದೇಶಿಸಿದರು. ಅವರು ಕ್ರೂರಿಯಲ್ಲ, ರಾತ್ರಿಯ ಚಳಿಗೆ ಹುಡುಗರು ನಡುಗುತ್ತಿದ್ದರು. ನನಗೆ ಮಂಚ ಹಾಕಲು ಹೇಳಿದವರಿಗೂ ರೋಗಿಗಳನ್ನು ವರಾಂಡದ ನೆಲದ ಮೇಲೆ ಮಲಗಿಸಲು ಮನಸ್ಸಿರಲಿಲ್ಲ. ಓದುತ್ತಾ ನಾನು ಥಟ್ಟನೆ ನಿಂತದ್ದು ಇನ್ನೊಂದು ಸಾಲಿನಲ್ಲಿ: ಶಿಬಿರದ ಮುಖ್ಯ ವೈದ್ಯರೂ ಸಮ್ಮತಿಸಿದ್ದಾರೆ ಎಂದು ಆದೇಶದಲ್ಲೇ ಇತ್ತು.

ಮರುದಿನವೇ ಜ್ವರ ಕಾಣಿಸಿಕೊಂಡಿತು. ಆರೇ ದಿನಗಳಲ್ಲಿ ಆಸ್ಪತ್ರೆಯಲ್ಲಿದ್ದವರ ಸಂಖ್ಯೆ 610ರಿಂದ 4,102ಕ್ಕೆ ಏರಿತು. ಮಕ್ಕಳನ್ನು ನೋಡಲು ತಂದೆತಾಯಿಯರು ರೈಲು ಹತ್ತಿ ರಾಕ್‌ಫರ್ಡಿಗೆ ಧಾವಿಸಿದರು. ನಗರಕ್ಕೂ ಜ್ವರ ಹಬ್ಬಿತು. ಶಿಬಿರದಲ್ಲಿ ಸತ್ತವರು ಸಾವಿರಕ್ಕೂ ಹೆಚ್ಚು. ಅಕ್ಟೋಬರ್ ಆರಂಭದಲ್ಲಿ, ಸಾವು ಐದುನೂರು ದಾಟಿದ್ದಾಗ, ಹ್ಯಾಗಡಾರ್ನ್ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡರು. ಆ ಮುಖ್ಯ ವೈದ್ಯರ ಕೈಗೆ ಆದೇಶದ ಕಾಗದ ಬಂದಾಗ ಅವರ ಮನಸ್ಸಿನಲ್ಲಿ ಏನಿತ್ತೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಈಗ ನನ್ನ ಏಪ್ರನ್ ಜೇಬಿನಲ್ಲಿ ಹೊಲಿಗೆಯ ಟೇಪು ಇರುತ್ತದೆ. ಹೆಚ್ಚಿನ ಮಂಚ ಕೇಳಿದಾಗ ಅಳೆದು, “ಇಷ್ಟು ಹಾಕಿದರೆ ಮಂಚಗಳ ನಡುವೆ ಒಂದೂವರೆ ಅಡಿ ಉಳಿಯುತ್ತದೆ, ನನ್ನ ಒಪ್ಪಿಗೆಯಿಲ್ಲ” ಎಂದು ಬರೆದು ಸಹಿ ಹಾಕುತ್ತೇನೆ. ಕಳೆದ ಬಾರಿ ಎಂಟು ಕೇಳಿದ್ದರು. ನಾಲ್ಕಕ್ಕೆ ನಿಂತಿತು, ಉಳಿದವರಿಗೆ ಫಿಸಿಯೋಥೆರಪಿ ಕೋಣೆ ಖಾಲಿ ಮಾಡಿಸಿಕೊಟ್ಟರು.